ಜೇಬಿನ ಪೆನ್ನು ಕೊಳ್ಳುವ ಮೊದಲು ಮುಚ್ಚಳ ನೋಡಿ

ಪ್ರಶ್ನೆ: ನನ್ನದು ಓಡಾಟದ ಕೆಲಸ. ದಿನಕ್ಕೆ ಹತ್ತಿಪ್ಪತ್ತು ಸಲ ನಿಂತಲ್ಲೇ ಪುಟ್ಟ ನೋಟ್‌ಬುಕ್ ತೆಗೆದು ಎರಡು ಮೂರು ಸಾಲು ಗುರುತು ಹಾಕಿಕೊಳ್ಳುತ್ತೇನೆ. ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದು ಬೆರಳು ನೋಯುತ್ತದೆ. ಮತ್ತೆ ಇಂಕು ಪೆನ್ನು ಹಿಡಿಯೋಣ ಎಂದುಕೊಂಡಿದ್ದೇನೆ. ಆದರೆ ಹಿಂದೊಮ್ಮೆ ಒಂದು ಅಗ್ಗದ ಪೆನ್ನು ಜೇಬಿನಲ್ಲೇ ಇಂಕು ಕಾರಿ ಅಂಗಿ ಹಾಳುಮಾಡಿತ್ತು, ಆ ಭಯ ಹೋಗಿಲ್ಲ. ಕವೆಕೊ ಸ್ಪೋರ್ಟ್, ಪೈಲಟ್ ಪೆಟಿಟ್, ಪ್ಲಾಟಿನಂ ಪ್ರೆಪಿ ಎಂಬ ಹೆಸರುಗಳು ಕಿವಿಗೆ ಬಿದ್ದಿವೆ. ಪೆನ್ನು ಚಿಕ್ಕದಾಗಿರಬೇಕು, ದುಬಾರಿಯಾಗಿರಬಾರದು. ಯಾವುದನ್ನು ಕೊಳ್ಳಲಿ? ಇಂಕು ತುಂಬಿ ಬರುವ ಪುಟ್ಟ ಕೊಳವೆ, ಅಂದರೆ ಕಾರ್ಟ್ರಿಜ್ ಒಳ್ಳೆಯದೋ, ಬಾಟಲಿ ಇಂಕೋ? ಇಂಕು ಕಾರಿದ ಆ ಹಳೆಯ ಪೆನ್ನನ್ನು ಎಸೆದುಬಿಡಲೇ?

ಉತ್ತರ: ಮೊದಲು ನೇರವಾದ ಉತ್ತರ. ನಿಮ್ಮ ಕೆಲಸಕ್ಕೆ ಪ್ಲಾಸ್ಟಿಕ್ ಮೈಯ ಕವೆಕೊ ಸ್ಪೋರ್ಟ್, ಫೈನ್ ಅಂದರೆ ಸಪೂರ ನಿಬ್ಬು, ಅದರೊಳಗೆ ಮತ್ತೆ ಮತ್ತೆ ತುಂಬಿಸಿಕೊಳ್ಳುವ ಚಿಕ್ಕ ಕಾರ್ಟ್ರಿಜ್. ಅದೂ ಹೆಚ್ಚಾಯಿತು ಅನ್ನಿಸಿದರೆ, ಅಥವಾ ಶಾಯಿ ಪೆನ್ನು ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಮೊದಲು ನೋಡಬೇಕೆಂದರೆ, ಪ್ಲಾಟಿನಂ ಪ್ರೆಪಿ. ಅದು ಚಿಕ್ಕ ಪೆನ್ನಲ್ಲ, ಸುಮಾರು 138 ಮಿ.ಮೀ. ಉದ್ದವಿದೆ; ಎದೆಯ ಜೇಬಿನಿಂದ ತಲೆ ಹೊರಗಿಟ್ಟು ನೋಡುತ್ತದೆ. ಆದರೂ ಅದನ್ನು ಏಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಕಾರಣವಿದೆ.

ನೀವು ದಿನಕ್ಕೆ ಇಪ್ಪತ್ತು ಸಲ, ಸಲಕ್ಕೆ ಒಂದು ನಿಮಿಷ ಬರೆಯುತ್ತೀರಿ ಎಂದುಕೊಳ್ಳೋಣ. ಒಟ್ಟು ಇಪ್ಪತ್ತು ನಿಮಿಷ ಆಯಿತು. ಉಳಿದ ಇಪ್ಪತ್ಮೂರೂವರೆ ಗಂಟೆಗೂ ಹೆಚ್ಚು ಕಾಲ ಆ ಪೆನ್ನು ಮುಚ್ಚಿಕೊಂಡು ಜೇಬಿನಲ್ಲೋ ಚೀಲದಲ್ಲೋ ಅಲುಗಾಡುತ್ತಿರುತ್ತದೆ. ಎಲ್ಲರೂ ನಿಬ್ಬು ನೋಡಿ ಪೆನ್ನು ಕೊಳ್ಳುತ್ತಾರೆ. ಮೇಜಿನ ಮೇಲೆ ಕುಳಿತು ಬರೆಯುವ ಪೆನ್ನಿಗೆ ಅದು ಸರಿ. ಜೇಬಿನ ಪೆನ್ನಿನಲ್ಲಿ ನೀವು ನಿಜವಾಗಿ ಹಣ ಕೊಡುವುದು ಮುಚ್ಚಳಕ್ಕೆ. ನಿಬ್ಬು ಒಣಗದಂತೆ ಕಾಯುವುದೂ, ಜಿನುಗಿದ ಹನಿಯನ್ನು ಬಟ್ಟೆಗೆ ತಾಗದಂತೆ ಹಿಡಿಯುವುದೂ, ಬರೆಯುವಾಗ ಹಿಂಬದಿಗೆ ಸಿಕ್ಕಿಸಿಕೊಂಡು ಪೆನ್ನಿಗೆ ಉದ್ದ ಕೊಡುವುದೂ ಅದೇ.

ಒಣಗುವ ವಿಷಯವನ್ನೇ ಮೊದಲು ನೋಡಿ. ಇಂಕಿನಲ್ಲಿ ಬಹುಪಾಲು ನೀರು. ನಿಬ್ಬಿನ ಸೀಳಿನ ತುದಿಯಲ್ಲಿ ನೀರು ಆವಿಯಾದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಬರೆಯಲು ಹೋದರೆ ಮೊದಲ ಅಕ್ಷರ ಮೂಡುವುದಿಲ್ಲ, ಕಾಗದದ ಮೇಲೆ ಬರಿಯ ಗೀರು ಬೀಳುತ್ತದೆ. ಹಾಗಾದಾಗ ಪೆನ್ನು ಕೊಡವುವವರ ಮಗ್ಗುಲಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಲ್ಲಬಾರದು. ಇದನ್ನು ತಡೆಯಲು ಒಳ್ಳೆಯ ಮುಚ್ಚಳದ ಒಳಗೆ ಇನ್ನೊಂದು ಪುಟ್ಟ ಒಳಮುಚ್ಚಳ ಇರುತ್ತದೆ. ಮುಚ್ಚಿದಾಗ ಅದರ ಅಂಚು ಹಿಡಿಕೆಗೆ ಬಿಗಿಯಾಗಿ ಕೂರುತ್ತದೆ. ಪ್ಲಾಟಿನಂ ಪ್ರೆಪಿಯಲ್ಲಿ ಈ ಒಳಮುಚ್ಚಳವನ್ನು ಒಂದು ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಪೆನ್ನು ಒಂದು ವರ್ಷ ಮುಟ್ಟದೆ ಇಟ್ಟರೂ ಇಂಕು ಒಣಗದು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅಗ್ಗದ ಪೆನ್ನುಗಳ ಸಾಲಿನಲ್ಲಿ ಇಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುವುದನ್ನು ಕಾಣುವುದು ಅಪರೂಪ. ಉದ್ದವನ್ನು ಕ್ಷಮಿಸಿ ಅದನ್ನು ಹೇಳಿದ್ದು ಇದಕ್ಕೇ.

ಮುಚ್ಚಳ ಗಾಳಿ ಬಿಡುತ್ತದೆಯೇ ಎಂದು ನೋಡಲು ಹಳೆಯ ಉಪಾಯವೊಂದಿದೆ. ಮುಚ್ಚಳದ ಬಾಯನ್ನು ತುಟಿಗೆ ಒತ್ತಿ ಗಾಳಿ ಎಳೆಯಿರಿ. ತುಟಿಗೆ ಕಚ್ಚಿಕೊಂಡು ನಿಂತರೆ ಸಂದು ಇಲ್ಲ ಎಂದರ್ಥ. ಆದರೆ ಕಚ್ಚಿಕೊಳ್ಳದಿದ್ದ ಮಾತ್ರಕ್ಕೆ ಪೆನ್ನನ್ನು ತಳ್ಳಿಹಾಕಬೇಡಿ. ಮಕ್ಕಳು ಮುಚ್ಚಳ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲು ದಾರಿಯಿರಲಿ ಎಂದು ಎಷ್ಟೋ ಮುಚ್ಚಳಗಳಲ್ಲಿ ಬೇಕೆಂದೇ ರಂಧ್ರ ಬಿಟ್ಟಿರುತ್ತಾರೆ. ಐಎಸ್‌ಒ 11540 ಎಂಬ ಮಾನದಂಡ ಇದಕ್ಕೆಂದೇ ಇದೆ. ಅಂಥವುಗಳಲ್ಲಿ ಸೀಲು ಹಾಕುವ ಕೆಲಸ ಒಳಮುಚ್ಚಳದ್ದು, ಅದು ತುಟಿಯ ಪರೀಕ್ಷೆಗೆ ಸಿಗುವುದಿಲ್ಲ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಎಂದರೆ ಇಂಕು ತುಂಬಿದ ಪೆನ್ನನ್ನು ಒಂದು ವಾರ ನಿಬ್ಬು ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿ, ಆಮೇಲೆ ಒಂದು ಗೆರೆ ಎಳೆಯುವುದು. ಮೊದಲ ಒಂದೆರಡು ಗೀರುಗಳಲ್ಲಿ ಇಂಕು ಬಂದರೆ ಆ ಪೆನ್ನು ಜೇಬಿಗೆ ಲಾಯಕ್ಕು.

ಮುಂದಿನದು ತಿರುಪಿನ ಮುಚ್ಚಳವೋ, ಒತ್ತಿದರೆ ಟಕ್ಕೆಂದು ಕೂರುವ ಮುಚ್ಚಳವೋ ಎಂಬ ಪ್ರಶ್ನೆ. ಇಲ್ಲಿ ನನ್ನ ಶಿಫಾರಸಿಗೇ ಒಂದು ಕುಂದಿದೆ, ಹೇಳಿಬಿಡುತ್ತೇನೆ. ಸ್ಪೋರ್ಟ್ ತಿರುಪಿನದು. ಒಂದು ಕೈಯಲ್ಲಿ ನೋಟ್‌ಬುಕ್ ಹಿಡಿದು ನಿಂತಾಗ ಮುಚ್ಚಳ ತಿರುಗಿಸುವುದು, ಹಿಂಬದಿಗೆ ಸಿಕ್ಕಿಸುವುದು, ಬರೆಯುವುದು, ಮತ್ತೆ ತಿರುಗಿಸಿ ಮುಚ್ಚುವುದು ಎಲ್ಲ ಸ್ವಲ್ಪ ನಾಟಕವೇ. ದಿನಕ್ಕೆ ಇಪ್ಪತ್ತು ಸಲ ಈ ನಾಟಕ ನಡೆಸುವ ತಾಳ್ಮೆ ಇಲ್ಲದವರಿಗೆ ಪೈಲಟ್ ಪ್ರೇರಾ ಹಿಡಿಸಬಹುದು. ಮುಚ್ಚಿದಾಗ ಸುಮಾರು 120 ಮಿ.ಮೀ., ಒತ್ತುವ ಮುಚ್ಚಳ, ಬೆಲೆ ಮಾತ್ರ ಒಂದು ಮೆಟ್ಟಿಲು ಮೇಲೆ. ಆದರೆ ಪೆನ್ನನ್ನು ಪ್ಯಾಂಟಿನ ಜೇಬಿನಲ್ಲಿ ಇಡುವ ಅಭ್ಯಾಸವಿದ್ದರೆ ತಿರುಪಿನದಲ್ಲದೆ ಬೇರೆ ಮುಚ್ಚಳದ ಕಡೆ ನೋಡಲೇಬೇಡಿ. ಕೂತಾಗ ಎದ್ದಾಗ, ಬೀಗದ ಕೈ ಸಿಕ್ಕಿಕೊಂಡಾಗ ಒತ್ತುವ ಮುಚ್ಚಳ ಸಡಿಲಿಸಿಕೊಳ್ಳುತ್ತದೆ. ಉಳಿದದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಜೇಬಿನಲ್ಲಿ ಪೆನ್ನು ಇಂಕು ಕಕ್ಕುವುದು ಇಂದಿನ ದೂರಲ್ಲ. ನ್ಯೂಯಾರ್ಕ್‌ನಲ್ಲಿ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದೇ ಇಂಕಿನ ಹರಿವನ್ನು ಹದದಲ್ಲಿಡುವ ಗೀರುಗಳುಳ್ಳ ನಾಲಿಗೆಗೆ. ನಿಬ್ಬಿನ ಕೆಳಗೆ ಇರುವ ಕಪ್ಪು ತುಂಡು, ಫೀಡ್ ಎಂದು ಕರೆಯುತ್ತಾರಲ್ಲ, ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೇಫ್ಟಿ ಪೆನ್ನುಗಳು ಬಳಕೆಯಲ್ಲಿದ್ದವು. ಹಿಂಬದಿಯ ಗುಂಡಿ ತಿರುಗಿಸಿದರೆ ನಿಬ್ಬು ಒಳಗೆ ಇಳಿದು ಇಂಕಿನಲ್ಲೇ ಮುಳುಗುತ್ತಿತ್ತು, ಬಾಯಿಗೆ ಮುಚ್ಚಳ ಬಿಗಿಯುತ್ತಿದ್ದರು. ಮರೆತು ನಿಬ್ಬು ಒಳಗಿರುವಾಗಲೇ ಮುಚ್ಚಳ ತೆಗೆದು ಪೆನ್ನು ಬಗ್ಗಿಸಿದವನ ಗತಿ ಏನಾಗುತ್ತಿತ್ತೋ ಊಹಿಸಿಕೊಳ್ಳಿ.

ಇನ್ನು ಅಳತೆ. ಚಿಕ್ಕ ಪೆನ್ನು ಎಂದರೆ ಮುಚ್ಚಿದಾಗ ಚಿಕ್ಕದು, ತೆರೆದಾಗ ಪೂರ್ತಿ ಉದ್ದದ್ದು ಆಗಬೇಕು. ಎರಡು ಹೊತ್ತಲ್ಲೂ ಚಿಕ್ಕದಾಗಿರುವ ಪೆನ್ನು ಆಟಿಕೆ. ಈ ಗುಟ್ಟನ್ನು 1960ರ ದಶಕದ ಜಪಾನಿ ಪೆನ್ನು ತಯಾರಕರು ಚೆನ್ನಾಗಿ ಅರಿತಿದ್ದರು: ಉದ್ದನೆಯ ಮುಚ್ಚಳ, ಉದ್ದನೆಯ ಹಿಡಿಕೆ, ಹಿಂಬದಿಯ ಮೈ ಮಾತ್ರ ಗಿಡ್ಡ. ಮುಚ್ಚಿದರೆ ಅಂಗೈಯಲ್ಲಿ ಅಡಗುತ್ತದೆ, ಮುಚ್ಚಳ ಹಿಂದಕ್ಕೆ ಸಿಕ್ಕಿಸಿದರೆ ಸಾಮಾನ್ಯ ಪೆನ್ನಾಗುತ್ತದೆ. ಪೈಲಟ್ ಕಂಪನಿಯ ಎಲೀಟ್ ಆ ಕಾಲದ್ದು. ಅದರ ಹೊಸ ಅವತಾರ ಈಗಲೂ ಸಿಗುತ್ತದೆ, ಚಿನ್ನದ ನಿಬ್ಬಿನದಾದ್ದರಿಂದ ನಿಮ್ಮ ಲೆಕ್ಕಕ್ಕೆ ಹೊರಗೆ. ಕವೆಕೊ ಸ್ಪೋರ್ಟ್ ಇದೇ ತರ್ಕದ ಜರ್ಮನ್ ಪೆನ್ನು. ಮುಚ್ಚಿದಾಗ ಸುಮಾರು 105 ಮಿ.ಮೀ., ಮುಚ್ಚಳ ಹಿಂದಕ್ಕಿಟ್ಟಾಗ ಸುಮಾರು 133 ಮಿ.ಮೀ. ಪ್ಲಾಸ್ಟಿಕ್ ಮೈಯದು ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಎಂಟು ಮೂಲೆಯ ಮುಚ್ಚಳ ಇರುವುದರಿಂದ ಮೇಜಿನ ಮೇಲೆ ಉರುಳಿ ಬೀಳುವುದಿಲ್ಲ. ಕ್ಲಿಪ್ ಮಾತ್ರ ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಕೊಂಡುಬಿಡಿ, ಏಕೆಂದರೆ ಪೆನ್ನು ಜೇಬಿನಲ್ಲಿ ನಿಬ್ಬು ಮೇಲಾಗಿ ನಿಲ್ಲಬೇಕಾದರೆ ಕ್ಲಿಪ್ ಬೇಕೇ ಬೇಕು.

ನಿಮ್ಮ ಕೈಗೆ ಸರಿಹೋಗುತ್ತದೆಯೇ ಎಂದು ತಿಳಿಯಲು ಪೆನ್ನು ಹಿಡಿದು ಬರೆಯುವ ಭಂಗಿಯಲ್ಲಿ ನೋಡಿ. ಹಿಂಬದಿ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದನ್ನು ದಾಟಿ ಒಂದಿಷ್ಟು ಹಿಂದಕ್ಕೆ ಚಾಚಿರಬೇಕು. ಸಂದಿಗೆ ಮುಂಚೆಯೇ ಮುಗಿದುಹೋದರೆ ಪೆನ್ನು ಬೆರಳ ತುದಿಯಲ್ಲೇ ಓಲಾಡುತ್ತದೆ. ಅದನ್ನು ಹಿಡಿದಿಡಲು ನೀವು ಗಟ್ಟಿಯಾಗಿ ಚಿವುಟುತ್ತೀರಿ. ಬಾಲ್‌ಪೆನ್ನು ಬಿಟ್ಟು ಬಂದ ನೋವು ಮತ್ತೆ ಹಿಂಬಾಲಿಸುತ್ತದೆ. ಪೈಲಟ್ ಪೆಟಿಟ್ ಮುದ್ದಾಗಿದೆ, ಅಗ್ಗವೂ ಹೌದು. ಆದರೆ ದೊಡ್ಡ ಕೈಯವರಿಗೆ ಮುಚ್ಚಳ ಸಿಕ್ಕಿಸಿದರೂ ಅದು ಸಣ್ಣದೇ ಆಗುತ್ತದೆ. ಅದಕ್ಕೆ ಅದರದೇ ಪುಟ್ಟ ಕಾರ್ಟ್ರಿಜ್ ಆಗಬೇಕು, ಬೇರೆಯವರದು ಕೂರುವುದಿಲ್ಲ. ಚೀಲದ ಮೂಲೆಯಲ್ಲಿ ಎರಡನೆಯ ಪೆನ್ನಾಗಿ ಇರಲಿ, ಮೊದಲನೆಯದಾಗಿ ಬೇಡ.

ಈಗ ನಿಮ್ಮ ಅಂಗಿಯ ವಿಷಯಕ್ಕೆ ಬರುತ್ತೇನೆ. ಇದು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಒಂದು ಬೆಳಿಗ್ಗೆ ತಣ್ಣನೆಯ ಮೇಜಿನ ಮೇಲಿದ್ದ ಪುಟ್ಟ ಪಾರದರ್ಶಕ ಪೆನ್ನನ್ನು ತೆಗೆದುಕೊಂಡು ಬರೆಯತೊಡಗಿದ್ದೆ. ಡ್ರಾಪರಿನಿಂದ ನೇರವಾಗಿ ಹೊಟ್ಟೆಗೇ ಇಂಕು ತುಂಬಿಸುವ ಬಗೆಯದು. ಕಾಲುಭಾಗ ಇಂಕು ಉಳಿದಿತ್ತು. ಐದಾರು ಸಾಲು ಸರಾಗವಾಗಿ ಹೋಯಿತು. ಆಮೇಲೆ ಅಕ್ಷರಗಳು ಸ್ವಲ್ಪ ಸ್ವಲ್ಪವೇ ದಪ್ಪಗಾಗತೊಡಗಿದವು. ಏನೋ ಎಂದು ಪೆನ್ನನ್ನು ಎತ್ತಿ ಹಿಡಿದರೆ ನಿಬ್ಬಿನ ಅಡಿಯಲ್ಲಿ ದುಂಡಗಿನ ನೀಲಿ ಹನಿಯೊಂದು ತೂಗುತ್ತಿತ್ತು. ನೋಡುತ್ತಿದ್ದಂತೆಯೇ ಅದು ಹಿಗ್ಗಿ, ಉದ್ದವಾಗಿ, ಪುಟದ ನಟ್ಟನಡುವೆ ಪಟ್ಟೆಂದು ಬಿತ್ತು. ಪೆನ್ನಿನಲ್ಲಿ ಬಿರುಕಿರಲಿಲ್ಲ, ಜೋಡಣೆಯೂ ಬಿಗಿಯಾಗಿತ್ತು.

ಆದದ್ದಿಷ್ಟೇ. ಪೆನ್ನಿನ ಹೊಟ್ಟೆಯಲ್ಲಿ ಇಂಕು ಕಡಿಮೆಯಾದಷ್ಟೂ ಗಾಳಿ ಹೆಚ್ಚುತ್ತದೆ. ಕೈಯ ಕಾವಿಗೆ ಆ ಗಾಳಿ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 3.5ರಷ್ಟು. ಒಳಗೆ 1.5 ಮಿ.ಲೀ. ಗಾಳಿ ಇದ್ದರೆ ಅದು 0.05 ಮಿ.ಲೀ. ಹೆಚ್ಚಾಗಿ ಅಷ್ಟೇ ಇಂಕನ್ನು ಕೆಳಕ್ಕೆ ತಳ್ಳುತ್ತದೆ, ಅಂದರೆ ಸರಿಯಾಗಿ ಒಂದು ಹನಿ. ನಾಲಿಗೆಯ ಅಂಚಿನ ಬಾಚಣಿಗೆಯಂಥ ಹಲ್ಲುಗಳು ಇರುವುದು ಇಂಥ ಹೆಚ್ಚುವರಿ ಇಂಕನ್ನು ಹಿಡಿದಿಟ್ಟುಕೊಳ್ಳಲು. ಆದರೆ ಅವುಗಳಿಗೂ ಒಂದು ಮಿತಿಯಿದೆ, ಪುಟ್ಟ ಪೆನ್ನಿನ ನಾಲಿಗೆಯಲ್ಲಿ ಆ ಮಿತಿ ಇನ್ನೂ ಪುಟ್ಟದು. ಅದೇ ಚಿಕ್ಕ ಕಾರ್ಟ್ರಿಜ್ ಒಂದರಲ್ಲಿ ತುಂಬಿದರೆ ಹಿಡಿಯುವುದೇ ಸುಮಾರು 0.8 ಮಿ.ಲೀ. ಅರ್ಧ ಖಾಲಿಯಾದಾಗ ಒಳಗಿರುವ ಗಾಳಿ 0.4 ಮಿ.ಲೀ. ಅದು ಹಿಗ್ಗಿದರೆ ಹೊರಬರುವುದು ಕಾಲು ಹನಿ, ಹಲ್ಲುಗಳು ಅದನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತವೆ.

ಆದ್ದರಿಂದ ಜೇಬಿನ ಪೆನ್ನಿಗೆ ಕಾರ್ಟ್ರಿಜ್ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಪೋರ್ಟ್ ಪೆನ್ನಿನ ಮೈಗೆ ನೇರವಾಗಿ ಇಂಕು ಸುರಿದು, ತಿರುಪಿಗೆ ಸಿಲಿಕೋನ್ ಗ್ರೀಸ್ ಬಳಿದು ಬಳಸುವವರಿದ್ದಾರೆ. ಎರಡು ಮೂರು ಪಟ್ಟು ಇಂಕು ಹಿಡಿಯುತ್ತದೆ ಎಂದು ಹೆಮ್ಮೆಪಡುತ್ತಾರೆ. ದಿನವಿಡೀ ಓಡಾಡುವ ನಿಮಗೆ ಆ ಹೆಮ್ಮೆ ಬೇಡ. ಕಾರ್ಟ್ರಿಜ್ ಜಾಗದಲ್ಲಿ ಕೂತು ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಪಿಸ್ಟನ್ನಿನ ಚಿಕ್ಕ ಕನ್ವರ್ಟರ್ ಸಿಗುತ್ತದಾದರೂ ಅದರಲ್ಲಿ ಹಿಡಿಯುವ ಇಂಕು ಕಾರ್ಟ್ರಿಜ್‌ಗಿಂತ ಕಡಿಮೆ; ಪುಟ್ಟ ಪೆನ್ನಿನಲ್ಲಿ ಅದರ ಯಂತ್ರವೇ ಜಾಗವನ್ನೆಲ್ಲ ತಿಂದುಬಿಡುತ್ತದೆ. ಬಾಟಲಿ ಇಂಕಿನ ಉಳಿತಾಯವೂ ಬೇಕು, ಬಣ್ಣಗಳ ಆಯ್ಕೆಯೂ ಬೇಕು ಎಂದರೆ ಖಾಲಿಯಾದ ಕಾರ್ಟ್ರಿಜ್ ಅನ್ನು ತೊಳೆದು, ಮೊಂಡು ಸೂಜಿಯ ಸಿರಿಂಜ್‌ನಿಂದ ಬಾಟಲಿಯ ಇಂಕನ್ನೇ ತುಂಬಿಸಿಕೊಳ್ಳಿ. ಸೂಜಿಯನ್ನು ತಳಕ್ಕೆ ಮುಟ್ಟಿಸಿ ನಿಧಾನವಾಗಿ ತುಂಬಿಸಿದರೆ ಗುಳ್ಳೆ ಬರುವುದಿಲ್ಲ. ಒಂದು ಕಾರ್ಟ್ರಿಜ್ ಹಲವು ಸಲ ಬರುತ್ತದೆ. ಅದರ ಬಾಯಿ ಸಡಿಲವಾಗಿ ಪೆನ್ನಿಗೆ ಬಿಗಿಯಾಗಿ ಕೂರದಿದ್ದರೆ ಬದಲಿಸಿ. ಸ್ಪೋರ್ಟ್‌ಗೆ ಹಿಡಿಯುವುದು ಎಲ್ಲರೂ ತಯಾರಿಸುವ ಇಂಟರ್‌ನ್ಯಾಷನಲ್ ಚಿಕ್ಕ ಅಳತೆಯ, 38 ಮಿ.ಮೀ. ಉದ್ದದ ಕಾರ್ಟ್ರಿಜ್. ಪೈಲಟ್, ಪ್ಲಾಟಿನಂ ಕಂಪನಿಗಳದು ಅವರವರದೇ ಅಳತೆ, ಒಬ್ಬರದು ಇನ್ನೊಬ್ಬರಿಗೆ ಆಗದು. ಕೊಳ್ಳುವಾಗ ಇದನ್ನು ಮರೆತವರು ಮನೆಗೆ ಬಂದು ಪರದಾಡುತ್ತಾರೆ.

ನಿಬ್ಬಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಉಕ್ಕಿನದು ಧಾರಾಳವಾಗಿ ಸಾಕು. ಕಾಗದಕ್ಕೆ ತಾಗುವುದು ಉಕ್ಕೂ ಅಲ್ಲ, ಚಿನ್ನವೂ ಅಲ್ಲ. ತುದಿಯಲ್ಲಿ ಬೆಸೆದ ಗಟ್ಟಿ ಲೋಹದ ಪುಟ್ಟ ಗುಂಡು. ಅದರ ಮೇಲೆ ಇರಿಡಿಯಂ ಎಂದು ಬರೆದಿದ್ದರೂ ಈಗ ಹೆಚ್ಚಿನವುಗಳಲ್ಲಿ ಇರಿಡಿಯಂ ಇರುವುದಿಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಚಿನ್ನದ ನಿಬ್ಬು ಸ್ವಲ್ಪ ಬಳುಕಬಹುದು, ಆ ಬಳುಕನ್ನು ನಿಂತು ಎರಡು ಸಾಲು ಬರೆಯುವವರು ಗಮನಿಸುವುದೂ ಇಲ್ಲ. ಗಮನಿಸಬೇಕಾದದ್ದು ಅಗಲ. ನೋಟ್‌ಬುಕ್ಕಿನ ಕಾಗದ ಸಾಧಾರಣದ್ದಾಗಿದ್ದರೆ ದಪ್ಪ ನಿಬ್ಬಿನ ಇಂಕು ನಾರಿನಗುಂಟ ಹಬ್ಬುತ್ತದೆ, ಹಿಂಬದಿಗೂ ಇಳಿಯುತ್ತದೆ, ಬೇಗ ಒಣಗದೆ ಪುಟ ಮುಚ್ಚಿದಾಗ ಎದುರು ಪುಟಕ್ಕೆ ಅಂಟುತ್ತದೆ. ಅದಕ್ಕೇ ಫೈನ್. ಜಪಾನಿನ ಫೈನ್ ಯುರೋಪಿನ ಫೈನ್‌ಗಿಂತ ಸಾಮಾನ್ಯವಾಗಿ ಒಂದು ಅಳತೆ ಸಪೂರ ಎಂಬುದು ನೆನಪಿರಲಿ. ಪ್ರೆಪಿ ಕೊಂಡರೆ 03 ಎಂದು ಬರೆದದ್ದು ಸಾಕು. 02 ತೀರಾ ಸೂಜಿ, ಒರಟು ಕಾಗದದ ಮೇಲೆ ಕರಕರ ಎನ್ನುತ್ತದೆ.

ಇಂಕು ಸಾದಾ ನೀಲಿ ಅಥವಾ ನೀಲಿಗಪ್ಪು ಇರಲಿ, ನೀರಿನಲ್ಲಿ ತೊಳೆದರೆ ಹೋಗುವಂಥದ್ದು. ಮಿನುಗುವ ಪುಡಿ ಬೆರೆತ ಇಂಕುಗಳು ಪುಟ್ಟ ನಾಲಿಗೆಯ ಗೀರುಗಳಲ್ಲಿ ಕೂತುಬಿಡುತ್ತವೆ. ಚಿತ್ರಕಾರರು ಬಳಸುವ ಇಂಡಿಯಾ ಇಂಕನ್ನು ಮಾತ್ರ ಎಂದಿಗೂ ಹಾಕಬೇಡಿ. ಅದರಲ್ಲಿರುವ ಅಂಟು ಒಣಗಿದರೆ ಪೆನ್ನಿನ ಕಥೆ ಮುಗಿಯಿತು.

ಲೋಹದ ಮೈ ಬೇಕೇ? ಬೇಡ. ಅಲ್ಯೂಮಿನಿಯಂ ಸ್ಪೋರ್ಟ್ ನೋಡಲು ಚೆಂದ, ತೂಕ ಸುಮಾರು ಎರಡು ಪಟ್ಟು, ಬೆಲೆಯೂ ಏರುತ್ತದೆ. ದಿನಾ ಹೊರಗೆ ಕೊಂಡೊಯ್ಯುವ ಪೆನ್ನು ಒಂದಲ್ಲ ಒಂದು ದಿನ ಯಾರಿಗೋ ಸಹಿ ಹಾಕಲು ಕೊಟ್ಟು ಮರೆತುಹೋಗುವಂಥದ್ದು. ಕಳೆದರೆ ರಾತ್ರಿ ನಿದ್ದೆ ಕೆಡದಷ್ಟು ಬೆಲೆಯದೇ ಕೈಗೆಟುಕುವ ಪೆನ್ನು.

ತಂದ ದಿನ ನಿಬ್ಬಿನ ಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಾಕಿ ತೊಳೆಯಿರಿ. ತಯಾರಿಕೆಯ ಎಣ್ಣೆಯ ಅಂಶ ಉಳಿದಿದ್ದರೆ ಇಂಕು ತಡೆತಡೆದು ಬರುತ್ತದೆ. ಭೂತಗನ್ನಡಿಯಲ್ಲಿ ನಿಬ್ಬಿನ ತುದಿಯನ್ನು ಎದುರಿನಿಂದ ನೋಡಿ: ಸೀಳಿನ ಎರಡೂ ಕಡೆಯ ಕವಲುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಒಂದು ದಿಕ್ಕಿನ ಗೆರೆ ನಯವಾಗಿ ಬಂದು ಇನ್ನೊಂದು ದಿಕ್ಕಿನದು ಕಾಗದವನ್ನು ಕೆರೆಯುತ್ತದೆ. ಅಂಥದ್ದನ್ನು ಬದಲಾಯಿಸಿಕೊಳ್ಳಿ, ನೀವೇ ಉಜ್ಜಲು ಹೋಗಬೇಡಿ. ಆಮೇಲೆ ತಿಂಗಳಿಗೊಮ್ಮೆ ಬರಿಯ ತಣ್ಣೀರಿನಲ್ಲಿ ತೊಳೆದರೆ ಸಾಕು.

ವಿಮಾನ ಹತ್ತುವುದಿದ್ದರೆ ಒಂದು ಎಚ್ಚರಿಕೆ. ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಆಗ ಪೆನ್ನಿನೊಳಗಿನ ಗಾಳಿ ಕಾಲುಭಾಗ, ಕೆಲವೊಮ್ಮೆ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, ಅರ್ಧ ಖಾಲಿ ಕಾರ್ಟ್ರಿಜ್ ಕೂಡ ಎರಡು ಹನಿ ಕಕ್ಕಬಹುದು. ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ; ಏರುವಾಗ ನಿಬ್ಬು ಮೇಲೆ ಮಾಡಿ ನಿಲ್ಲಿಸಿ. ಹಾಗಿದ್ದರೆ ನಾಲಿಗೆಯ ಬಳಿ ಇರುವುದು ಗಾಳಿ, ಹಿಗ್ಗಿದರೂ ಅದೇ ಹೊರಹೋಗುತ್ತದೆ, ಇಂಕು ತಳದಲ್ಲೇ ಉಳಿಯುತ್ತದೆ. ನೆಲದ ಮೇಲೆ ಓಡಾಡುವಾಗಲೂ ಇದೇ ಕಾರಣಕ್ಕೆ ಕ್ಲಿಪ್ ಹಾಕಿ ಎಂದದ್ದು.

ಇನ್ನು ನಿಮ್ಮ ಹಳೆಯ ಪೆನ್ನು. ಎಸೆಯುವ ಮೊದಲು ಅದು ಎಲ್ಲಿಂದ ಕಾರಿತು ಎಂದು ಪತ್ತೆಮಾಡಿ. ತೊಳೆದು ಒಣಗಿಸಿ, ಇಂಕಿಗೆ ಅರ್ಧಕ್ಕರ್ಧ ನೀರು ಬೆರೆಸಿ ತುಂಬಿಸಿ, ಟಿಶ್ಯೂ ಕಾಗದದಲ್ಲಿ ಮೈಯನ್ನು ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಒಂದು ತಟ್ಟೆಯಲ್ಲಿ ಮಲಗಿಸಿಡಿ. ಬೆಳಿಗ್ಗೆ ಬಿಚ್ಚಿದಾಗ ಕಲೆ ಹಿಡಿಕೆಯೂ ಮೈಯೂ ಸೇರುವ ತಿರುಪಿನ ಸುತ್ತ ಉಂಗುರದಂತೆ ಮೂಡಿದ್ದರೆ, ತಿರುಪಿಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಬಳಿದು ಬಿಗಿದರೆ ಸರಿಹೋದೀತು. ಕಲೆ ಎಲ್ಲೂ ಇಲ್ಲದಿದ್ದರೆ ಪೆನ್ನಿನಲ್ಲಿ ದೋಷವಿಲ್ಲ, ಆ ದಿನ ಕಾರಿದ್ದು ಒಳಗಿನ ಗಾಳಿ ಹಿಗ್ಗಿಯೇ ಇರಬೇಕು. ಅದನ್ನು ಮೇಜಿನ ಪೆನ್ನಾಗಿ ಇಟ್ಟುಕೊಳ್ಳಿ, ಅರ್ಧಕ್ಕಿಳಿದ ಕೂಡಲೇ ಮತ್ತೆ ತುಂಬಿಸಿ. ಕೂದಲೆಳೆಯಂಥ ಗೆರೆಯೊಂದು ಮೈಯುದ್ದಕ್ಕೂ ಮೂಡಿದ್ದರೆ ಅದು ಬಿರುಕು, ಯಾವ ಅಂಟೂ ಹೆಚ್ಚು ದಿನ ತಡೆಯುವುದಿಲ್ಲ. ನಿಬ್ಬನ್ನೂ ನಾಲಿಗೆಯನ್ನೂ ಎಳೆದು ತೆಗೆದಿಟ್ಟುಕೊಂಡು ಉಳಿದದ್ದನ್ನು ಎಸೆಯಿರಿ.